ಕ್ಷೀರಭಾಗ್ಯ: ಹಳ್ಳಿ ಶಾಲೆಯ ಹಾಲಿಗೆ ಎಷ್ಟು ಅಂಕ?

ಶಾಲಾ ಮಕ್ಕಳಿಗೆ ಹಾಲು ಕೊಡಲು ರಾಜ್ಯ ಸರ್ಕಾರ 2013ರ ಆಗಸ್ಟ್ 1ರಂದು ಶುರು ಮಾಡಿದ ಕ್ಷೀರಭಾಗ್ಯ ಯೋಜನೆಯ ಲೆಕ್ಕ ಸರಳ: ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ, ಅದರಿಂದ 150 ಮಿ.ಲೀ. ಹಾಲು. ನೂರು ಮಕ್ಕಳಿದ್ದರೆ 1.8 ಕೆ.ಜಿ. ಪುಡಿ.

ಪುಡಿ ಚೆನ್ನಾಗಿದೆ, ಕೆಡುವುದು ಕಲಸುವಾಗ. ಕುದಿಯುವ ನೀರಿಗೆ ನೇರವಾಗಿ ಸುರಿದರೆ ಹೊರಪದರ ಅಂಟಾಗಿ, ಒಳಗೆ ಒಣಪುಡಿ ಉಳಿದು ಗಂಟು ಕಟ್ಟುತ್ತದೆ. ಮಕ್ಕಳು ಲೋಟ ಚೆಲ್ಲುವುದೇ ಆ ಗಂಟು ಬಾಯಿಗೆ ಸಿಕ್ಕಾಗ. ಎರಡು-ಮೂರು ಲೀಟರ್ ಉಗುರುಬೆಚ್ಚಗಿನ ನೀರಲ್ಲಿ ಪುಡಿಯನ್ನು ಕಡಗೋಲಿನಿಂದ ಕಡೆದು, ಸೋಸಿ, ಆಮೇಲೆ ಕಾದ ನೀರಿಗೆ ಬೆರೆಸಬೇಕು. ಕೈ ಬಿಡದೆ ತಿರುವದಿದ್ದರೆ ಸೀದ ವಾಸನೆ ಗ್ಯಾರಂಟಿ. ಬಿಚ್ಚಿದ ಪ್ಯಾಕೆಟ್ ಮಳೆಗಾಲದಲ್ಲಿ ತೇವ ಹೀರುತ್ತದೆ, ಬಿಗಿ ಮುಚ್ಚಳದ ಡಬ್ಬಿ ಬೇಕೇ ಬೇಕು.

2024ರಲ್ಲಿ ವಾರಕ್ಕೆ ಮೂರು ದಿನದಂತೆ ಹಾಲಿಗೆ ರಾಗಿ ಹೆಲ್ತ್ ಮಿಕ್ಸ್ ಸೇರಿಸುವುದು ಶುರುವಾಯಿತು. ರುಚಿಗೆ ಒಳ್ಳೆಯದು, ಆದರೆ ಇನ್ನೂ ಬೇಗ ತಳ ಹಿಡಿಯುತ್ತದೆ.

ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೇಳಿದರೆ ಊರಿನ ದಾನಿಗಳು ಸ್ಟೀಲ್ ಲೋಟ ಕೊಡಿಸುತ್ತಾರೆ, ಅದರ ಮೇಲೆ ಹೆಸರೂ ಕೆತ್ತಿಸುತ್ತಾರೆ! ಅದಕ್ಕಿಂತ ಮೊದಲು ಬೇಕಾದ್ದು ದಪ್ಪ ತಳದ ಪಾತ್ರೆ ಮತ್ತು ಇನ್ನೊಂದು ಒಲೆ. ಒಂದೇ ಒಲೆಯಿದ್ದರೆ ಹಾಲು ಇಳಿಯುವವರೆಗೆ ಬಿಸಿಯೂಟದ ಬೇಳೆ ಕಾಯಬೇಕು.

ಯೋಜನೆಗೆ ಐದಕ್ಕೆ ನಾಲ್ಕು, ಅಡುಗೆಮನೆ ಸೌಲಭ್ಯಕ್ಕೆ ಎರಡೇ.