‘ಎಲ್ಲ ಸೇರಿ ನಲವತ್ತು ಸಾವಿರ’ ಎಂಬ ಮಾತು ನಂಬಿ ವಿಚ್ಛೇದನಕ್ಕೆ ಹೋದವಳ ಎಚ್ಚರಿಕೆ

ಇದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ತಿಂಗಳು ಒದ್ದಾಡಿದ್ದೇನೆ. ನೆಂಟರ ಕಣ್ಣಿಗೆ ಬಿದ್ದರೆ ‘ಗಂಡನನ್ನೂ ಬಿಟ್ಟಳು, ದುಡ್ಡನ್ನೂ ಕಳೆದುಕೊಂಡಳು’ ಎನ್ನುತ್ತಾರೆ. ಎನ್ನಲಿ. ಇನ್ನೊಬ್ಬಳು ನನ್ನ ಹಾಗೆ ಕೈಬಳೆ ಅಡವಿಟ್ಟು ಅಂಥ ಕಚೇರಿಯ ಮೆಟ್ಟಿಲು ಹತ್ತುವುದು ಬೇಡ.

ನಾನೂ ನನ್ನ ಗಂಡನೂ 2020ರಿಂದ ಬೇರೆ ಬೇರೆ ಇದ್ದೆವು. ಜಗಳವಾಡುವ ಶಕ್ತಿ ಇಬ್ಬರಲ್ಲೂ ಉಳಿದಿರಲಿಲ್ಲ. ಮಕ್ಕಳಿಲ್ಲ, ಜಂಟಿ ಹೆಸರಿನಲ್ಲಿ ಸೈಟಿಲ್ಲ, ಸಾಲವಿಲ್ಲ. ಅವರು ಒಂದೇ ಸಲಕ್ಕೆ ಎಂಟು ಲಕ್ಷ ಕೊಡುವುದು, ನಾನು ಮುಂದೆ ಜೀವನಾಂಶ ಕೇಳದಿರುವುದು ಎಂದು ಹಿರಿಯರ ಮುಂದೆ ಮಾತಾಗಿತ್ತು. ವಿಚ್ಛೇದನದ ಖರ್ಚು ಏರುವುದು ಮಗುವಿನ ಪಾಲನೆಗೆ ಹೋರಾಟ ನಡೆದಾಗ, ಆಸ್ತಿಗೆ ಕಿತ್ತಾಟವಾದಾಗ, ಒಬ್ಬರು ಒಪ್ಪದೆ ಸಾಕ್ಷಿ ವಿಚಾರಣೆ ವರ್ಷಗಟ್ಟಲೆ ಎಳೆದಾಗ, ಪಕ್ಕದಲ್ಲಿ ಕೌಟುಂಬಿಕ ದೌರ್ಜನ್ಯದ ಪ್ರಕರಣವೋ ಗಂಡ, ಗಂಡನ ಮನೆಯವರ ಕ್ರೌರ್ಯದ ಮೇಲಿನ ಕ್ರಿಮಿನಲ್ ಪ್ರಕರಣವೋ (2024ರ ಜೂನ್‌ವರೆಗೆ ಐಪಿಸಿಯ 498ಎ) ನಡೆಯುತ್ತಿದ್ದಾಗ. ನಮ್ಮದರಲ್ಲಿ ಇದಾವುದೂ ಇರಲಿಲ್ಲ. ಒಂದೂ ಇರಲಿಲ್ಲ! ಇಬ್ಬರೂ ಒಪ್ಪಿ ಸಹಿ ಹಾಕುವ ಅರ್ಜಿ ಅಷ್ಟೇ.

ವಕೀಲರು ನಮ್ಮ ಹಾಸನದ ಕಡೆಯವರೇ, ಸೋದರಮಾವನಿಗೆ ಪರಿಚಯ. 2023ರ ಜೂನ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನ ಅವರ ಕಚೇರಿಗೆ ಹೋದೆ. "ನೀನು ನನ್ನ ಮಗಳಿದ್ದ ಹಾಗೆ. ನಮ್ಮ ನಡುವೆ ದುಡ್ಡಿನ ಮಾತು ಬರಬಾರದು. ಎಲ್ಲ ಸೇರಿ ನಲವತ್ತು ಸಾವಿರ ಕೊಡು, ಆರು ತಿಂಗಳಲ್ಲಿ ಡಿಕ್ರಿ ಕೈಗೆ ಬರುತ್ತದೆ. ನಿನ್ನ ಗಂಡನ ಕಡೆಯದನ್ನೂ ನಾನೇ ನೋಡಿಕೊಳ್ಳುತ್ತೇನೆ, ಅವನು ಬಂದು ಸಹಿ ಹಾಕಿದರೆ ಸಾಕು" ಎಂದರು. ಅಮ್ಮ ಕೈಮುಗಿದಳು. ನಾನು ನಗದು ಎಣಿಸಿ ಕೊಟ್ಟೆ. ರಶೀದಿ ಕೇಳಲಿಲ್ಲ. ಮಗಳಿದ್ದ ಹಾಗೆ ಎಂದವರ ಹತ್ತಿರ ರಶೀದಿ ಕೇಳುವುದು ಹೇಗೆ?

ಆಗಸ್ಟ್‌ನಲ್ಲಿ ನ್ಯಾಯಾಲಯದ ಶುಲ್ಕ, ಸ್ಟಾಂಪ್ ಕಾಗದ ಎಂದು 18,000 ಕೇಳಿದರು. "ಎಲ್ಲ ಸೇರಿ ಎಂದಿದ್ದಿರಲ್ಲ ಸರ್?" ಎಂದೆ. "ಅದು ನನ್ನ ಫೀಸು ತಾಯಿ, ಇದು ಸರ್ಕಾರಕ್ಕೆ ಹೋಗುವುದು." ಕೊಟ್ಟೆ. ಇಂಥ ಅರ್ಜಿಗೆ ನ್ಯಾಯಾಲಯದ ಶುಲ್ಕ ಸಾವಿರದ ಲೆಕ್ಕದಲ್ಲಿ ಇರುವುದೇ ಇಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಮಧ್ಯಸ್ಥಿಕೆ ಕೇಂದ್ರಕ್ಕೆ ಕಟ್ಟಬೇಕು ಎಂದು 15,000. ಅದನ್ನೂ ಕೊಟ್ಟೆ.

ಜನವರಿ ಬಂತು. ಇಬ್ಬರೂ ಒಪ್ಪಿದ ವಿಚ್ಛೇದನದಲ್ಲಿ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ಅರ್ಜಿ ಜುಲೈನಲ್ಲೇ ದಾಖಲಾಗಿದೆ ಎಂದು ಅವರು ಹೇಳಿದ್ದರಿಂದ ಆರು ತಿಂಗಳು ಮುಗಿಯಿತೆಂದು ನಾನು ದಿನ ಎಣಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಗಂಡನಿಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿ, ಮಾರ್ಚ್ ಕೊನೆಗೆ ಹೊರಡುವುದೆಂದಾಗಿತ್ತು. ಹೋದರೆ ಮತ್ತೆ ರಜೆ ಸಿಗುವವರೆಗೆ ಎಲ್ಲವೂ ನಿಲ್ಲುತ್ತದೆ. ಇಬ್ಬರಿಗೂ ಅವಸರ. ಆ ಅವಸರ ವಕೀಲರಿಗೆ ತಿಳಿಯಿತು. ನಮ್ಮ ವಿಚ್ಛೇದನದ ಬೆಲೆ ನಿಜವಾಗಿ ಏರಿದ್ದು ಆ ದಿನ.

"ನ್ಯಾಯಾಧೀಶರು ಬದಲಾಗಿದ್ದಾರೆ, ಕಾಯುವ ಅವಧಿಯನ್ನು ಹೊಸದಾಗಿ ಎಣಿಸುತ್ತಾರೆ. ಅದನ್ನು ಕಡಿಮೆ ಮಾಡಿಸಬೇಕಾದರೆ ದೆಹಲಿಗೇ ಹೋಗಬೇಕು. ಸುಪ್ರೀಂ ಕೋರ್ಟ್ ತೀರ್ಪು ಬಂದಿದೆಯಲ್ಲ, ಪತ್ರಿಕೆಯಲ್ಲಿ ಓದಲಿಲ್ಲವೇ? ಎಪ್ಪತ್ತೈದು ಸಾವಿರ ಆಗುತ್ತದೆ, ಸದ್ಯಕ್ಕೆ ಐವತ್ತು ಕೊಡು." ತೀರ್ಪು ಬಂದದ್ದು ನಿಜ. 2023ರ ಮೇ ತಿಂಗಳಲ್ಲಿ, ಸಂವಿಧಾನದ 142ನೇ ವಿಧಿಯಡಿ ತಾನೇ ವಿಚ್ಛೇದನ ಕೊಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಓದಿದ್ದೆ, ಆದ್ದರಿಂದಲೇ ನಂಬಿದೆ. ಆದರೆ ಬರೀ ಆರು ತಿಂಗಳ ಅವಧಿಯನ್ನು ಮನ್ನಾ ಮಾಡಲು ದೆಹಲಿಯ ಅಗತ್ಯವೇ ಇಲ್ಲ. ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲದಿಂದ ಬೇರೆ ಇದ್ದು, ಜೀವನಾಂಶ ಮುಂತಾದ ಎಲ್ಲವೂ ಇತ್ಯರ್ಥವಾಗಿ, ರಾಜಿಯ ಯಾವ ಸಾಧ್ಯತೆಯೂ ಇಲ್ಲದಿದ್ದರೆ ನಮ್ಮ ಕೌಟುಂಬಿಕ ನ್ಯಾಯಾಲಯವೇ ಅದನ್ನು ಮನ್ನಾ ಮಾಡಬಹುದು. 2017ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಬೇಕಾದದ್ದು ಅದೇ ಪ್ರಕರಣದೊಳಗೆ ಹಾಕುವ ಒಂದು ಮಧ್ಯಂತರ ಅರ್ಜಿ. ಒಂದೇ ಒಂದು ಅರ್ಜಿ! ಅದಕ್ಕೆ ನಾನು ಅಜ್ಜಿ ಕೊಟ್ಟ ಬಳೆಗಳನ್ನು ಅಡವಿಟ್ಟು 50,000 ಕೊಟ್ಟು ಬಂದೆ.

ಫೆಬ್ರವರಿಯಲ್ಲಿ ಮಧ್ಯಸ್ಥಿಕೆಗೆ ವಾಯಿದೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡ. ವಕೀಲರು ಬರಲಿಲ್ಲ, ಕಿರಿಯ ಹುಡುಗನೊಬ್ಬನನ್ನು ಕಳಿಸಿದ್ದರು. ನನ್ನ ಕಚೇರಿಯಲ್ಲಿ ಲೆಕ್ಕ ಬರೆಯುವುದು ನನ್ನದೇ ಕೆಲಸವಾದ್ದರಿಂದಲೋ ಏನೋ, ಕೇಳಿಬಿಟ್ಟೆ: "ಮೇಡಂ, ನಾನು ಕಟ್ಟಿದ ಹದಿನೈದು ಸಾವಿರಕ್ಕೆ ರಶೀದಿ ಸಿಗುತ್ತದೆಯೇ?" ಮಧ್ಯಸ್ಥಗಾರ್ತಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಾವ ಹದಿನೈದು ಸಾವಿರ? ನ್ಯಾಯಾಲಯ ಕಳಿಸಿದ ಪ್ರಕರಣಕ್ಕೆ ಇಲ್ಲಿ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲವಲ್ಲ ಅಮ್ಮ" ಎಂದರು. ಕಿರಿಯ ವಕೀಲ ಫೋನ್ ನೋಡುತ್ತಾ ಹೊರಗೆ ಹೋದ.

ನನ್ನ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ನನ್ನ ಗಂಡ ಕೂತಿದ್ದರು. ಅವರ ಎದುರು ದಡ್ಡಿಯಾದೆನಲ್ಲ ಎಂಬ ಸಂಕಟವೇ ದುಡ್ಡು ಹೋದದ್ದಕ್ಕಿಂತ ದೊಡ್ಡದಾಗಿತ್ತು. ಹೊರಗೆ ಬಂದಾಗ ಅವರೇ ಮೆಲ್ಲಗೆ ಕೇಳಿದರು: "ನೀನೂ ಕೊಟ್ಟೆಯಾ? ನೀನು ಒಂದು ಪೈಸೆಯನ್ನೂ ಕೊಡುವುದಿಲ್ಲ ಎನ್ನುತ್ತಿದ್ದೀಯೆ, ಎರಡು ಕಡೆಯದನ್ನೂ ನಾನೇ ಭರಿಸಬೇಕು ಎಂದು ನನಗೆ ಹೇಳಿದ್ದರು."

ನನಗೂ ಅದನ್ನೇ ಹೇಳಿದ್ದರು. ಅಕ್ಷರಶಃ ಅದನ್ನೇ. "ಅವನು ಕೈ ಬಿಚ್ಚುವವನಲ್ಲ, ನೀನೇ ಸುಧಾರಿಸಿಕೊಳ್ಳಬೇಕು ಮಗಳೇ." ನಾಲ್ಕು ವರ್ಷ ಮಾತು ಬಿಟ್ಟಿದ್ದ ನಾವಿಬ್ಬರೂ ಆ ಕಾರಿಡಾರಿನಲ್ಲಿ ನಿಂತು ಲೆಕ್ಕ ಹಾಕಿದೆವು. ನನ್ನದು 1,23,000. ಅವರದು 1,10,000, ಅದರಲ್ಲಿ ಅದೇ ದೆಹಲಿಯ ಐವತ್ತು ಸಾವಿರ! ಕೆಳಗಿನ ಇ-ಸೇವಾ ಕೇಂದ್ರದಲ್ಲಿ ವಿಚಾರಿಸಿದರೆ, ಅರ್ಜಿ ದಾಖಲಾಗಿದ್ದು ಜುಲೈನಲ್ಲಿ ಅಲ್ಲ, ನವೆಂಬರ್‌ನಲ್ಲಿ. ಆರು ತಿಂಗಳು ಎಣಿಕೆಯಾಗುವುದು ಅರ್ಜಿ ಸಲ್ಲಿಸಿದ ದಿನದಿಂದ. ನ್ಯಾಯಾಧೀಶರು ಬದಲಾದರೆ ಲೆಕ್ಕ ಬದಲಾಗುವುದಿಲ್ಲ. ಮನ್ನಾ ಕೋರಿದ ಅರ್ಜಿ ಎಲ್ಲಿಯೂ ಇರಲಿಲ್ಲ, ಇಲ್ಲಿಯೂ ಇಲ್ಲ, ದೆಹಲಿಯಲ್ಲಿಯೂ ಇಲ್ಲ.

ಸಂಜೆ ಫೋನ್ ಮಾಡಿದೆ. ಅಷ್ಟು ದಿನ ‘ನೀನು’ ಎನ್ನುತ್ತಿದ್ದವರು ಆ ಕ್ಷಣದಿಂದ ‘ನೀವು’ ಎನ್ನತೊಡಗಿದರು. "ನೋಡಿ ಮೇಡಂ, ಓದಿದವರಾಗಿ ಹೀಗೆ ಮಾತನಾಡಬಾರದು. ಹಣ ಕೊಟ್ಟಿದ್ದಕ್ಕೆ ಏನಾದರೂ ದಾಖಲೆ ಇದೆಯೇ?" ಇರಲಿಲ್ಲ. "ನಿಮಗೆ ಎಂಟು ಲಕ್ಷ ಕೊಡಿಸುತ್ತಿರುವುದು ಯಾರು? ಅದರಲ್ಲಿ ಶೇಕಡಾ ಹತ್ತು ನನಗೆ ಬರಬೇಕು. ಎಂಬತ್ತು ಸಾವಿರ ಕೊಟ್ಟು ಫೈಲ್ ತೆಗೆದುಕೊಂಡು ಹೋಗಿ." ಮದುವೆ ನೋಂದಣಿ ಪತ್ರದ ಮೂಲಪ್ರತಿ ಆ ಫೈಲಿನಲ್ಲಿತ್ತು. ನಾನು ಅತ್ತೆ. ಅತ್ತಿದ್ದು ಅವರಿಗೆ ಕೇಳಿಸಿತು, ಆ ನೋವು ಇಂದಿಗೂ ಇದೆ. "ಗಂಡ ಬಿಟ್ಟವರಿಗೆ ಇಷ್ಟು ಹಟ ಒಳ್ಳೆಯದಲ್ಲ" ಎಂದು ಫೋನ್ ಇಟ್ಟರು.

ಈಗ ಕೇಳಿ. ಫಲಿತಾಂಶಕ್ಕೆ ಕಟ್ಟುಹಾಕಿ ಫೀಸು ಕೇಳುವುದು, ಬಂದ ಹಣದಲ್ಲಿ ಪಾಲು ಕೇಳುವುದು ಎರಡನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಫೀಸು ಬಾಕಿ ಇದೆ ಎಂದು ಕಕ್ಷಿದಾರರ ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಇವನ್ನೆಲ್ಲ ನನಗೆ ಹೇಳಿದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಿಕ್ಕ ವಕೀಲೆ. ಅವರಿಗೆ ನಾನು ಕೊಟ್ಟದ್ದು ಏನೂ ಇಲ್ಲ. ಹೆಂಗಸರಿಗೆ ಅಲ್ಲಿ ಉಚಿತ ನೆರವು, ಆದಾಯ ಎಷ್ಟೇ ಇರಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ. ಕರೆ ಮಾಡಬೇಕಾದ ಸಂಖ್ಯೆ 15100. ಇದೊಂದು ಗೊತ್ತಿದ್ದಿದ್ದರೆ! ಆ ವಕೀಲೆ ನ್ಯಾಯಾಲಯದ ಅನುಮತಿ ಪಡೆದು ಹೊಸ ವಕಾಲತ್ತು ಹಾಕಿದರು, ಅವಧಿ ಮನ್ನಾಕ್ಕೆ ಅರ್ಜಿ ಕೊಟ್ಟರು. ಮಾರ್ಚ್ ಮೂರನೇ ವಾರ ಡಿಕ್ರಿ ಆಯಿತು. ಎಂಟು ತಿಂಗಳು ಕಾಯಿಸಿ ಲಕ್ಷ ದಾಟಿಸಿ ಆಗದಿದ್ದದ್ದು ಐದು ವಾರದಲ್ಲಿ ಆಯಿತು.

ಗ್ರಾಹಕ ಆಯೋಗಕ್ಕೆ ಹೋಗೋಣವೆಂದು ದೂರು ಬರೆದಿಟ್ಟುಕೊಂಡಿದ್ದೆ. 2024ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು, ವಕೀಲರ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು. ಉಳಿದದ್ದು ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡುವ ದಾರಿ. ಕೊಟ್ಟಿದ್ದೇನೆ. ದಾಖಲೆ ಎಂದರೆ ನನ್ನ ಡೈರಿಯಲ್ಲಿ ಬರೆದುಕೊಂಡ ತಾರೀಖುಗಳು ಮತ್ತು ‘ಹಣ ರೆಡಿ ಇದೆಯೇ’ ಎಂಬ ಅವರ ಎರಡು ವಾಟ್ಸ್ಆ್ಯಪ್ ಸಂದೇಶಗಳು. ಅಷ್ಟೇ.

ಒಳ್ಳೆಯ ವಕೀಲರು ಇದ್ದಾರೆ, ನನಗೂ ಕೊನೆಗೆ ಸಿಕ್ಕರು. ಆದರೆ ಯಾರೇ ಆಗಲಿ, ಪರಿಚಯದವರಾದರಂತೂ ಕಡ್ಡಾಯವಾಗಿ, ‘ಎಲ್ಲ’ ಎಂದರೆ ಏನೇನು ಎಂದು ಬರೆಸಿಕೊಳ್ಳಿ: ಅರ್ಜಿ, ವಾಯಿದೆಗಳು, ಅವಧಿ ಮನ್ನಾ, ಡಿಕ್ರಿಯ ದೃಢೀಕೃತ ಪ್ರತಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ದಾಖಲಾಯಿತು ಎಂದರೆ ಪ್ರತಿ ಪ್ರಕರಣಕ್ಕೂ ಸಿಗುವ, ಹದಿನಾರು ಅಂಕಿ ಅಕ್ಷರಗಳ ಗುರುತಿನ ಸಂಖ್ಯೆಯಾದ ಸಿಎನ್‌ಆರ್ ಕೇಳಿ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಿ. ಯಾವ ಕಾಗದದ ಮೂಲಪ್ರತಿಯನ್ನೂ ವಕೀಲರ ಕಚೇರಿಯಲ್ಲಿ ಬಿಟ್ಟು ಬರಬೇಡಿ. ಮತ್ತು ಇಬ್ಬರಿಗೂ ಒಬ್ಬರೇ ವಕೀಲರಾದರೆ, ಎಷ್ಟು ಕಹಿ ಇದ್ದರೂ ಸರಿ, ಇನ್ನೊಬ್ಬರಿಗೆ ಒಂದು ಫೋನ್ ಮಾಡಿ ಎಷ್ಟು ಕೊಟ್ಟಿದ್ದೀರಿ ಎಂದು ಕೇಳಿ. ನಾನು ಜೂನ್‌ನಲ್ಲೇ ಆ ಫೋನ್ ಮಾಡಬೇಕಿತ್ತು.

ನೋಂದಣಿ ಪತ್ರದ ಮೂಲಪ್ರತಿ ಇನ್ನೂ ಅವರ ಹತ್ತಿರವೇ ಇದೆ. ಉಪನೋಂದಣಾಧಿಕಾರಿ ಕಚೇರಿಯಿಂದ ನಕಲು ಪಡೆದು ಕೆಲಸ ಮುಗಿಸಿದೆ. ಬಳೆಗಳನ್ನು ಹೋದ ತಿಂಗಳು ಬಿಡಿಸಿಕೊಂಡೆ, ಬಡ್ಡಿ ಸೇರಿಸಿ.