ಡಾಕ್ಸಿಸೈಕ್ಲಿನ್ ಗುಳಿಗೆ, ಮತ್ತು ಅದನ್ನು ತಿಳಿಸಿ ಕೊಡುವ ಧಾರವಾಡ ಲೈನ್ ಬಜಾರಿನ ಮೆಡಿಕಲ್ ಶಾಪ್

ಐದಕ್ಕೆ ಐದು ಸ್ಟಾರ್, ಗುಳಿಗೆಗೂ ಅಂಗಡಿಗೂ. ಡಾಕ್ಸಿಸೈಕ್ಲಿನ್ 1960ರ ದಶಕದಿಂದ ಇರುವ ಹಳೇ ಆಂಟಿಬಯೋಟಿಕ್. ಬೆಲೆ ಕಡಿಮೆ, ಕೆಲಸ ಗಟ್ಟಿ. ಆದರೆ ನುಂಗುವ ರೀತಿ ತಪ್ಪಿದರೆ ಕಾಡುತ್ತದೆ. ಆ ರೀತಿಯನ್ನು ಕೌಂಟರಿನಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ.

ಹಾವೇರಿ ಕಡೆಯ ನಮ್ಮ ಕಾಕಾ ಗೋವಿನಜೋಳದ ಹೊಲದ ಬದುವಿನಲ್ಲಿ ಹುಲ್ಲು ಕೊಯ್ದಿದ್ದರು, ಆಮೇಲೆ ಸ್ವಲ್ಪ ದಿನಕ್ಕೆ ಜ್ವರ ಹಿಡಿದು ಮಲಗಿದರು. ಧಾರವಾಡಕ್ಕೆ ಕರೆಸಿಕೊಂಡೆವು. ಪ್ಯಾರಾಸಿಟಮಾಲ್ ನುಂಗಿದರೆ ಇಳಿದು ಮತ್ತೆ ಏರುವ ಜ್ವರ. ಡಾಕ್ಟರು ಅಂಗಿ ಬಿಚ್ಚಿಸಿ ನೋಡಿದರೆ ಕಂಕುಳಲ್ಲಿ ಬೀಡಿ ತಾಗಿ ಸುಟ್ಟಂಥ ಸಣ್ಣ ಕಪ್ಪು ಹಕ್ಕಳೆ. ನೋವಿಲ್ಲ, ತುರಿಕೆ ಇಲ್ಲ, ಕಾಕಾಗೇ ಗೊತ್ತಿರಲಿಲ್ಲ. ಸ್ಕ್ರಬ್ ಟೈಫಸ್ ಅಂದರು. ಹುಲ್ಲು, ಪೊದೆಯಲ್ಲಿರುವ ಮೈಟ್ ಎಂಬ ಸಣ್ಣ ಹುಳದ ಮರಿ ಕಚ್ಚಿ ಬರುವ ಜ್ವರ ಇದು, ತಡ ಮಾಡಿದರೆ ಶ್ವಾಸಕೋಶ, ಕಿಡ್ನಿ, ಮಿದುಳಿಗೂ ಹತ್ತುತ್ತದೆ. ಡಾಕ್ಸಿ 100 ಮಿಲಿಗ್ರಾಂ ಬರೆದುಕೊಟ್ಟರು, ದಿನಕ್ಕೆ ಎರಡು ಸಲ. ಈ ರೋಗದಲ್ಲಿ ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಇಳಿಯುತ್ತದಂತೆ, ಕಾಕಾಗೂ ಹಾಗೇ ಆಯಿತು. ಜ್ವರ ಬಿಟ್ಟಿತು ಅಂತ ಗುಳಿಗೆ ಬಿಡೋ ಹಾಗಿಲ್ಲ, ಬರೆದಷ್ಟೂ ಮುಗಿಸಬೇಕು.

ಮೊದಲು ಹೋದ ಅಂಗಡಿಯಲ್ಲಿ (ಬೇರೆ ಕಡೆ, ಹೆಸರು ಬೇಡ) ಸ್ಟ್ರಿಪ್ ಕತ್ತರಿಸಿ ಕೊಟ್ಟರು, ಎಕ್ಸ್‌ಪೈರಿ ಡೇಟ್ ಇದ್ದ ತುಂಡು ಅವರ ಹತ್ತಿರವೇ ಉಳಿಯಿತು. ಕೇಳಿದರೆ "ಏನೂ ಆಗಂಗಿಲ್ಲ ತಗೋರಿ" ಅಂದರು. ಇದು ಸಣ್ಣ ವಿಷಯ ಅಲ್ಲ. ಡಾಕ್ಸಿ ಟೆಟ್ರಾಸೈಕ್ಲಿನ್ ಗುಂಪಿನದು, ಅವಧಿ ಮುಗಿದು ಕೆಟ್ಟ ಟೆಟ್ರಾಸೈಕ್ಲಿನ್ ನುಂಗಿ ಕಿಡ್ನಿಗೆ ಪೆಟ್ಟು ಬಿದ್ದ ವರದಿಗಳು 1960ರ ದಶಕದಲ್ಲೇ ಬಂದಿವೆ. ವಾಪಸ್ ಕೊಟ್ಟು ಲೈನ್ ಬಜಾರಿಗೆ ಬಂದೆ.

ಇಲ್ಲಿ ಮೊದಲು ಚೀಟಿ ಕೇಳಿದರು. ಆಮೇಲೆ ಕೌಂಟರಿನಲ್ಲಿರುವ ಹಿರಿಯರು ಸ್ಟ್ರಿಪ್ ತಿರುಗಿಸಿ ಡೇಟ್ ತೋರಿಸಿ, ಕಾಕಾನ ಕಡೆ ನೋಡಿ ಹೇಳಿದರು: "ಅಜ್ಜಾರ, ಇದನ್ನ ತುಂಬಿದ ಗ್ಲಾಸ್ ನೀರಾಗ ನುಂಗ್ರಿ. ನುಂಗಿದ ಕೂಡ್ಲೆ ಅಡ್ಡಾಗಬ್ಯಾಡ್ರಿ, ಅರ್ಧ ತಾಸರ ಕುಂದರ್ರಿ." ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಅದು ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ, ಆಮೇಲೆ ಎಂಜಲು ನುಂಗಲೂ ಕಷ್ಟ. ಹೊಟ್ಟೆ ತೊಳಸಿದರೆ ಊಟದ ಜೊತೆ ತಗೊಳ್ಳಬಹುದು ಅಂದರು. ಕಾಕಾ ಆಗಲೇ ಕ್ಯಾಲ್ಸಿಯಂ ಗುಳಿಗೆ ತಗೊಳ್ಳುತ್ತಿದ್ದಾರೆ ಅಂತ ನಾವು ಹೇಳಿರಲೇ ಇಲ್ಲ, ಅವರೇ ಕೇಳಿ ತಿಳಿದುಕೊಂಡರು. ಕ್ಯಾಲ್ಸಿಯಂ, ಕಬ್ಬಿಣಾಂಶದ ಗುಳಿಗೆ, ಅಸಿಡಿಟಿ ಔಷಧ ಜೊತೆಗೇ ತಗೊಂಡರೆ ಡಾಕ್ಸಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎರಡು ಮೂರು ತಾಸು ಅಂತರ ಬೇಕು.

ಇನ್ನೊಂದು ಮಾತು ಮೊಡವೆಗೆ ಇದನ್ನು ತಗೊಳ್ಳುವ ಹುಡುಗಿಯರಿಗೆ. ಹಾಸ್ಟೆಲಿನಲ್ಲಿ ಗೆಳತಿಯ ಚೀಟಿ ತೋರಿಸಿ ತರಬೇಡಿ. ಬಿಸಿಲಿಗೆ ಚರ್ಮ ಸುಡುವ ಗುಣ ಇದಕ್ಕಿದೆ, ನಮ್ಮ ಏಪ್ರಿಲ್ ಬಿಸಿಲು ಹೇಗಿರುತ್ತೆ ಗೊತ್ತಲ್ವಾ. ಬಸುರಿಯಾಗಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಬೆಳೆಯುವ ಹಲ್ಲು, ಎಲುಬಿನಲ್ಲಿ ಸೇರಿಕೊಳ್ಳುವ ಔಷಧ ಇದು. ಎಂಟು ವರ್ಷದೊಳಗಿನ ಮಕ್ಕಳಿಗೆ ನಾವಾಗಿ ಕೊಡಲೇಬಾರದು. ಸ್ಕ್ರಬ್ ಟೈಫಸ್‌ನಂಥ ಜ್ವರಕ್ಕೆ ಡಾಕ್ಟರು ಬರೆದುಕೊಟ್ಟರೆ ಮಾತು ಬೇರೆ. ಈ ಗುಳಿಗೆ ತಗೊಳ್ಳುವಾಗ ತಲೆನೋವಿನ ಜೊತೆ ಕಣ್ಣು ಮಂಜಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನೆಗಡಿ, ವೈರಲ್ ಜ್ವರಕ್ಕೆ ಇದರಿಂದ ಏನೂ ಆಗುವುದಿಲ್ಲ. ನಾನಿದ್ದಾಗಲೇ ಒಬ್ಬರು ನೆಗಡಿಗೆ ಡಾಕ್ಸಿ ಕೇಳಿದರು, ಅಂಗಡಿಯವರು ಸ್ಟ್ರಿಪ್ ಮೇಲಿನ ಕೆಂಪು ಗೆರೆ ತೋರಿಸಿ ಚೀಟಿ ಇಲ್ಲದೆ ಕೊಡಂಗಿಲ್ಲ ಅಂದರು. ವ್ಯಾಪಾರ ಹೋದರೂ ಹೀಗೆ ಹೇಳುವ ಅಂಗಡಿಗೆ ನಾವು ಹೋಗಬೇಕು. ಕೇಳದೆಯೇ ಬಿಲ್ ಕೊಡುತ್ತಾರೆ, ಅದರಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಎರಡೂ ಇರುತ್ತವೆ. ಸಂಜೆ ಜನ ಜಾಸ್ತಿ, ಏನಾದರೂ ಕೇಳೋದಿದ್ದರೆ ಬೆಳಿಗ್ಗೆ ಹೋಗಿ.