ಒಂದು ಕಂಪ್ಯೂಟರ್, ಮೂರು ಡ್ರೈವ್ ಖಾತೆ: ಎರಡು ಮಳೆಗಾಲ ಬಳಸಿದ ಮೇಲೆ

ಶಿರಸಿ ಕಡೆಯ ತೋಟದ ಮನೆಗಳಲ್ಲಿ ಕಂಪ್ಯೂಟರ್ ಒಂದೇ, ಕೂರುವವರು ಮೂವರು. ಅಪ್ಪಯ್ಯನಿಗೆ ಪಹಣಿ ಸ್ಕ್ಯಾನು ಮತ್ತು ರಾಶಿ, ಚಾಲಿ ಅಡಿಕೆ ಮಾರಿದ ಬಿಲ್ಲು, ಆಯಿಗೆ ಫೋಟೊ, ಮಗಳಿಗೆ ಕಾಲೇಜಿನ ಪ್ರಾಜೆಕ್ಟು. ಗೂಗಲ್ ಡ್ರೈವಿನ ಡೆಸ್ಕ್‌ಟಾಪ್ ಆ್ಯಪ್ ಒಂದೇ ವಿಂಡೋಸ್ ಲಾಗಿನ್‌ನಲ್ಲಿ ನಾಲ್ಕು ಖಾತೆಗಳ ತನಕ ಸೇರಿಸಿಕೊಳ್ಳುತ್ತದೆ. ಮೈಕ್ರೊಸಾಫ್ಟಿನ ಒನ್‌ಡ್ರೈವ್ ಹಾಗಲ್ಲ, ಒಂದು ಲಾಗಿನ್‌ಗೆ ಒಂದೇ ಖಾಸಗಿ ಖಾತೆ. ಹಾಗಾಗಿ ಮೊದಲಿಗೆ ಡ್ರೈವೇ ವಾಸಿ ಅನ್ನಿಸುತ್ತದೆ. ಆದರೆ ನಾಲ್ಕು ಖಾತೆ ಸೇರುತ್ತವೆ ಅನ್ನುವುದು ಬೇರೆ, ನಾಲ್ಕೂ ಬೇರೆಬೇರೆಯಾಗಿ ಉಳಿಯುತ್ತವೆ ಅನ್ನುವುದು ಬೇರೆ.

ಕಿರಿಕಿರಿ ಶುರುವಾಗುವುದು ಮೌಸ್ ಎಳೆತದಲ್ಲಿ. ಫೈಲು ಆನ್‌ಲೈನಿನಲ್ಲಿದ್ದು ಬೇಕಾದಾಗ ಮಾತ್ರ ಇಳಿಯುವ ಸ್ಟ್ರೀಮ್ ವಿಧಾನದಲ್ಲಿ ಪ್ರತಿ ಖಾತೆಯೂ ಜಿ, ಎಚ್ ಎಂದು ಬೇರೆ ಡ್ರೈವ್ ಆಗಿ ಕಾಣುತ್ತದೆ. ಒಂದರಿಂದ ಇನ್ನೊಂದಕ್ಕೆ ಫೈಲ್ ಎಳೆದರೆ ವಿಂಡೋಸ್ ಪ್ರತಿ ಮಾಡುತ್ತದೆ, ಮೂಲ ಅಲ್ಲೇ ಇರುತ್ತದೆ. ಎಲ್ಲ ಫೈಲಿನ ಪ್ರತಿ ಕಂಪ್ಯೂಟರಿನಲ್ಲೂ ಇರುವ ಮಿರರ್ ವಿಧಾನದಲ್ಲಿ ಎರಡೂ ಖಾತೆಗಳು ಸಿ ಡ್ರೈವಿನೊಳಗಿನ ಎರಡು ಫೋಲ್ಡರ್‌ಗಳು ಮಾತ್ರ. ಅಲ್ಲಿ ಅದೇ ಎಳೆತಕ್ಕೆ ಫೈಲ್ ಪ್ರತಿಯಾಗುವುದಿಲ್ಲ, ಜಾಗವನ್ನೇ ಬದಲಿಸುತ್ತದೆ. ಮೊದಲ ಖಾತೆಯ ಲೆಕ್ಕದಲ್ಲಿ ಅದು ಅಳಿಸಿದ ಫೈಲು, ಸೀದಾ ಕಸದಬುಟ್ಟಿಗೆ. ಅಲ್ಲಿ 30 ದಿನ, ಆಮೇಲೆ ಇಲ್ಲ. ಎರಡನೇ ಖಾತೆಯಲ್ಲಿ ಹೊಸ ಫೈಲಾಗಿ ಹುಟ್ಟುವುದರಿಂದ ಹಳೆಯ ಶೇರ್ ಲಿಂಕೂ ಹಿಂದಿನ ಆವೃತ್ತಿಗಳೂ ಜೊತೆಗೆ ಬರುವುದಿಲ್ಲ. ‘ಆಯಿ, ನಿನ್ನ ಫೈಲು ಯನ್ನ ಡ್ರೈವಲ್ಲಿ ಬಂದು ಕೂತಿದ್ದು’ ಎಂಬ ಮಾತು ಕೇಳಿದರೆ ಕಾರಣ ಹೆಚ್ಚಾಗಿ ಇದೇ. ಬಲಗುಂಡಿ ಒತ್ತಿ ಎಳೆದರೆ ‘ಕಾಪಿ ಹಿಯರ್’ ಎಂಬ ಆಯ್ಕೆ ಬರುತ್ತದೆ. ಇಲ್ಲವೆ ಎಳೆಯುವಾಗ ಕಂಟ್ರೋಲ್ ಕೀ ಹಿಡಿದಿರಬೇಕು. ಆದರೆ ಮನೆಮಂದಿಗೆಲ್ಲ ಇದನ್ನು ದಿನಾ ನೆನಪಿಸುವುದು ಆಗುವ ಹೋಗುವ ಮಾತಲ್ಲ.

ಆದ್ದರಿಂದ ಆ ನಾಲ್ಕು ಖಾತೆಗಳ ಸೌಲಭ್ಯವನ್ನು ಬಿಟ್ಟೇಬಿಡಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ ಪ್ರತಿಯೊಬ್ಬರಿಗೂ ಒಂದೊಂದು ಸ್ಟ್ಯಾಂಡರ್ಡ್ ಲಾಗಿನ್ ಮಾಡಿ. ಆ್ಯಪ್ ಒಮ್ಮೆ ಹಾಕಿದರೆ ಸಾಕು, ಅವರವರ ಲಾಗಿನ್‌ನಲ್ಲಿ ಅವರವರ ಖಾತೆ ತೆರೆದುಕೊಳ್ಳಬಹುದು. ಕಂಪ್ಯೂಟರಿನ ಪೂರ್ತಿ ಹಿಡಿತವಿರುವ ಅಡ್ಮಿನ್ ಲಾಗಿನ್ ಬೇರೆಯೇ ಇರಲಿ, ದಿನದ ಕೆಲಸಕ್ಕೆ ಯಾರೂ ಬಳಸಬಾರದು. ಅಡ್ಮಿನ್ ಆದವರು ಒಂದು ‘ಕಂಟಿನ್ಯೂ’ ಒತ್ತಿದರೆ ಉಳಿದವರ ಫೋಲ್ಡರ್ ತೆರೆದುಕೊಳ್ಳುತ್ತದೆ. ಹೀಗೆ ಮಾಡಿದ ಮೇಲೆ ಡ್ರೈವ್ ಮೇಲಿನ ಸಿಟ್ಟು ಮುಕ್ಕಾಲು ಪಾಲು ಇಳಿಯಿತು.

ಉಳಿದ ಕಾಲು ಪಾಲಿಗೆ ನಮ್ಮ ಮಳೆ, ನಮ್ಮ ಕರೆಂಟು ಕಾರಣ. ಸೈನ್ ಔಟ್ ಮಾಡಿದರೆ ಆ ಲಾಗಿನ್‌ನ ಅಪ್‌ಲೋಡ್ ನಿಲ್ಲುತ್ತದೆ. ವಿಂಡೋಸ್ ಕೀ ಜೊತೆ ಎಲ್ ಒತ್ತಿ ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ಹಿಂದುಗಡೆ ನಡೆಯುತ್ತಲೇ ಇರುತ್ತದೆ. ಆದರೆ 8 ಜಿಬಿ ರ‍್ಯಾಮ್‌ನಲ್ಲಿ ಮೂರು ಲಾಗಿನ್ ಒಟ್ಟಿಗೆ ತೆರೆದಿಟ್ಟರೆ ಬ್ರೌಸರ್ ತೆವಳುತ್ತದೆ. ಆಷಾಢದಲ್ಲಿ ಲೈನಿನ ಮೇಲೆ ಟೊಂಗೆ ಬಿದ್ದು ಕರೆಂಟು ಹೋದಾಗ ಲೆಕ್ಕ ಹೀಗೆ: 10 ಎಂಬಿಪಿಎಸ್ ಅಪ್‌ಲೋಡ್ ಸಿಕ್ಕರೂ 1 ಜಿಬಿ ವಿಡಿಯೊ ಏರಲು 13–14 ನಿಮಿಷ ಬೇಕು. ಯುಪಿಎಸ್ ಅಷ್ಟು ಹೊತ್ತು ಹಿಡಿಯುವ ಖಾತ್ರಿಯಿಲ್ಲ. ಅರ್ಧ ಏರಿದ ಫೈಲು ಹಾಳಾಗದು, ಆ್ಯಪ್ ತಾತ್ಕಾಲಿಕವಾಗಿ ಫೈಲಿಡುವ ಕ್ಯಾಶ್‌ನಲ್ಲಿ ಕೂತಿರುತ್ತದೆ. ಆದರೆ ಅದೇ ವ್ಯಕ್ತಿ ಮತ್ತೆ ಲಾಗಿನ್ ಆಗುವ ತನಕ ಮುಂದಕ್ಕೆ ಏರದು. ಮಗಳು ಹಾಸ್ಟೆಲಿಗೆ ಹೋದಳೆಂದರೆ ಆ ಫೈಲು ಮುಂದಿನ ರಜೆಯವರೆಗೆ ಮನೆಯಲ್ಲೇ!

ಅದಕ್ಕೇ ಕಂಪ್ಯೂಟರ್ ಬಿಟ್ಟು ಏಳುವ ಮುನ್ನದ ಒಂದು ಪದ್ಧತಿ. ಗಡಿಯಾರದ ಪಕ್ಕದ ಮೇಲ್ಬಾಣ ಒತ್ತಿ, ಡ್ರೈವಿನ ತ್ರಿಕೋನ ಕ್ಲಿಕ್ ಮಾಡಿ, ಕೊನೆಯ ಫೈಲಿನ ಹೆಸರೂ ಏರಿತೇ ಎಂದು ನೋಡಿ. ಮಳೆಗಾಲದಲ್ಲಿ ಸಂಜೆ ಗುಡುಗು ಶುರುವಾಗುವ ಮೊದಲೇ ಇದು ಮುಗಿದಿರಲಿ, ಆಮೇಲೆ ರೌಟರಿನ ಪ್ಲಗ್ಗನ್ನೂ ಕೀಳುವುದಿರುತ್ತದೆ.

ಇನ್ನೊಂದು: ಜಾಗ ಖಾಲಿ ಮಾಡುವ ಭರದಲ್ಲಿ ವಿಂಡೋಸ್ ಆ್ಯಪ್‌ಗಳ ಡೇಟಾ ಇಡುವ ಆ್ಯಪ್‌ಡೇಟಾದೊಳಗಿನ ‘ಡ್ರೈವ್‌ಎಫ್‌ಎಸ್’ ಫೋಲ್ಡರ್ ಅಳಿಸಬೇಡಿ, ಏರಬೇಕಾದ ಫೈಲುಗಳೂ ಅಲ್ಲೇ ಇರುತ್ತವೆ. ಸಿ ಡ್ರೈವ್ ತುಂಬುತ್ತಿದ್ದರೆ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಶ್ ಜಾಗವನ್ನು ಡಿ ಡ್ರೈವಿಗೆ ಬದಲಿಸಿ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಡೇಟಾ ಫೋಲ್ಡರನ್ನಂತೂ ಗೂಗಲ್ ಡ್ರೈವಿನೊಳಗಿಟ್ಟು ಕೆಲಸ ಮಾಡಬೇಡಿ. ಟ್ಯಾಲಿ ಬರೆಯುತ್ತಿರುವಾಗಲೇ ಡ್ರೈವಿನ ಸಿಂಕ್ (ಫೈಲು ಏರಿಸಿ ಇಳಿಸಿ ಹೊಂದಿಸುವ ಕೆಲಸ) ಕೈ ಹಾಕಿದರೆ ಲೆಕ್ಕ ಕೆಡುವ ಅಪಾಯವಿದೆ. ಬ್ಯಾಕಪ್ ಪ್ರತಿ ಮಾತ್ರ ಡ್ರೈವಿಗೆ ಹೋಗಲಿ.

ಬ್ರೌಸರಿನದು ಬೇರೆ ಗೋಳು. ಒಂದೇ ಕ್ರೋಮ್ ಪ್ರೊಫೈಲಿನಲ್ಲಿ ಎರಡು ಖಾತೆ ತೆರೆದರೆ ಮೊದಲು ಲಾಗಿನ್ ಆದದ್ದೇ ಯಜಮಾನ. ಎರಡನೆಯದಕ್ಕೆ ಶೇರ್ ಆದ ಲಿಂಕ್ ಒತ್ತಿದರೂ ಮೊದಲನೆಯದರಲ್ಲಿ ತೆರೆದು ‘ನಿಮಗೆ ಅನುಮತಿ ಬೇಕು’ ಅನ್ನುತ್ತದೆ. ಅನುಮತಿ ಕೇಳುವ ಗುಂಡಿ ಒತ್ತಬೇಡಿ, ವಿಳಾಸದಲ್ಲಿ ಯು ಅಕ್ಷರದ ಮುಂದಿನ ಸೊನ್ನೆಯನ್ನು ಒಂದು ಮಾಡಿ ಎಂಟರ್ ಕೊಟ್ಟರೆ ಸಾಮಾನ್ಯವಾಗಿ ತೆರೆಯುತ್ತದೆ.

ಜಾಗಕ್ಕೆ ದುಡ್ಡು ಕೊಡುವುದಾದರೆ ಮೂವರೂ ಬೇರೆಬೇರೆ ಕೊಡಬೇಕಾಗಿಲ್ಲ. ಗೂಗಲ್ ಒನ್‌ನ 100 ಜಿಬಿಯನ್ನು ಒಬ್ಬರು ಕೊಂಡು ಕುಟುಂಬದ ಇನ್ನೂ ಐವರಿಗೆ ಹಂಚಬಹುದು. ಹಂಚಿಕೆಯಾಗುವುದು ಜಾಗ ಮಾತ್ರ, ಒಬ್ಬರ ಫೈಲು ಇನ್ನೊಬ್ಬರಿಗೆ ಕಾಣುವುದಿಲ್ಲ. ಅಪ್ಪಯ್ಯ ಕಂಪ್ಯೂಟರ್ ಮುಟ್ಟುವುದೇ ಅಪರೂಪವಾದರೆ ಅವರ ಖಾತೆಯನ್ನು ಆಗಾಗ ತೆರೆದು ಒಂದು ಫೈಲನ್ನಾದರೂ ನೋಡಿಸಿ. ಎರಡು ವರ್ಷ ಯಾವ ಸಾಧನದಲ್ಲೂ ಬಳಸದೆ ಬಿಟ್ಟ ಖಾಸಗಿ ಖಾತೆಯನ್ನು ಗೂಗಲ್ ಅಳಿಸಬಹುದು, ಒಳಗಿನ ಪಹಣಿ ಸ್ಕ್ಯಾನುಗಳ ಸಮೇತ.